ಅಳಿಯನ ಮೀನಿನ ತೊಟ್ಟಿಯ ಪಾಚಿ

ಗೋವಿಂದಮ್ಮನಿಗೆ ಅಳಿಯನ ಮುಂದೆ ನಿಂತು ಮಾತಾಡಿ ಗೊತ್ತಿಲ್ಲ. ಮಗಳು ರೇಖಾಳ ಮದುವೆಯಾಗಿ ಹನ್ನೊಂದು ವರ್ಷವಾಯಿತು, ಹೇಳಬೇಕಾದದ್ದೆಲ್ಲ ಮಗಳ ಮೂಲಕವೇ. ಅಳಿಯ ವೇಣು ಎರಡಡಿ ದೂರದಲ್ಲಿ ಊಟಕ್ಕೆ ಕೂತಿದ್ದರೂ "ಅವ್ರಿಗೆ ಇನ್ನೊಂದು ಮುದ್ದೆ ಬೇಕಾ ಕೇಳೇ" ಎನ್ನುವವಳು. ಅವನೂ ಅಷ್ಟೇ, "ಸಾಕು ಅಂತ ಹೇಳು" ಎಂದು ಹೆಂಡತಿಗೇ ಉತ್ತರ ಕೊಡುವ ಆಸಾಮಿ. ಅವರ ಕಡೆ ಅತ್ತೆ ಅಳಿಯಂದಿರ ಮರ್ಯಾದೆ ಇರುವುದೇ ಹಾಗೆ. ನೋಡಿದವರಿಗೆ ನಗು ಬಂದರೆ ಬರಲಿ.

ಯುಗಾದಿ ಹೊತ್ತಿಗೆ ಮಂಡಿ ಆಪರೇಷನ್ ಮಾಡಿಸಿಕೊಂಡು ಅರೆಕೆರೆಯಿಂದ ಕುಮಾರಸ್ವಾಮಿ ಲೇಔಟಿನ ಮಗಳ ಮನೆಗೆ ಬಂದಳು. ಬನ್ನೇರುಘಟ್ಟ ರಸ್ತೆಯ ನರ್ಸರಿಯೊಂದರಲ್ಲಿ ಮೂವತ್ತು ವರ್ಷ ಗಿಡ ಸಾಕಿದ ಕೈ ಅವಳದು. ಒಣಗಿದ ಗುಲಾಬಿ ಕಡ್ಡಿಯನ್ನೂ ಚಿಗುರಿಸುತ್ತಾಳೆ ಎಂದು ಅಲ್ಲಿ ಹೆಸರಾಗಿತ್ತು. ಇಲ್ಲಿ ರೇಖಾ ಪೊರಕೆ ಮುಟ್ಟಬೇಡ, ಬಗ್ಗಬೇಡ, ಬಕೆಟ್ ಎತ್ತಬೇಡ ಎಂದು ಕೂರಿಸಿಬಿಟ್ಟಳು. ಗಂಡ ಹೆಂಡತಿ ಇಬ್ಬರೂ ಒಂಬತ್ತಕ್ಕೆಲ್ಲ ಕೆಲಸಕ್ಕೆ ಹೊರಟರೆ, ತನ್ನೊಬ್ಬಳಿಗೆ ಒಂದು ಹಿಡಿ ಅನ್ನ ಮಾಡಿಕೊಳ್ಳುವುದು ಬಿಟ್ಟು ಗೋವಿಂದಮ್ಮನಿಗೆ ಇನ್ನೇನೂ ಇಲ್ಲ. ದುಡಿದವರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕೆ?

ಇದ್ದದ್ದೊಂದೇ, ನಡುಮನೆಯ ಮೀನಿನ ತೊಟ್ಟಿ. ವೇಣುವಿನ ಪ್ರಾಣ ಅದರಲ್ಲಿತ್ತು. ನಾಲ್ಕಡಿ ಗಾಜು, ಮೇಲೆ ದೀಪ, ಒಳಗೆ ನೀರಿನಲ್ಲೇ ಬೆಳೆಯುವ ಗಿಡಗಳು, ನಡುವೆ ಬೆರಳುದ್ದದ ಮೀನುಗಳು. ಗೋವಿಂದಮ್ಮ ಮೀನನ್ನು ಹೆಚ್ಚು ನೋಡಲಿಲ್ಲ. ಅವಳ ಕಣ್ಣು ಹೋದದ್ದು ಗಿಡದ ಮೇಲೆ. ಬೇರಿಗೆ ಮಣ್ಣಿಲ್ಲ, ಗೊಬ್ಬರವಿಲ್ಲ, ಎಲೆಗಳು ಬಿಳಿಚಿಕೊಂಡಿವೆ. ಹೊಟ್ಟೆಗಿಲ್ಲದೆ ನಿಂತಿವೆ ಪಾಪ ಎಂದುಕೊಂಡಳು. ಮಾರನೆಯ ದಿನದಿಂದಲೇ ಅಕ್ಕಿ ತೊಳೆದ ನೀರನ್ನು ಒಂದು ಲೋಟ ತೊಟ್ಟಿಗೆ ಸುರಿಯತೊಡಗಿದಳು. ನರ್ಸರಿಯಲ್ಲಿ ಸೊರಗಿದ ಗಿಡಕ್ಕೆಲ್ಲ ಅವಳು ಕೊಡುತ್ತಿದ್ದ ಮದ್ದು ಅದು. ಸಂಜೆ ವೇಣು ಬರುವಷ್ಟರಲ್ಲಿ ಫಿಲ್ಟರು ಓಡಿ ನೀರು ತಿಳಿಯಾಗಿರುತ್ತಿತ್ತು. ಅಳಿಯನಿಗೆ ಹೇಳಬೇಕು ಅನ್ನಿಸಿದ್ದು ನಿಜ. ಆದರೆ ಇಷ್ಟು ಸಣ್ಣ ವಿಷಯಕ್ಕೆ ಮಗಳನ್ನು ಮಧ್ಯಸ್ಥಿಕೆಗೆ ಎಳೆಯುವುದೇಕೆ ಎಂದು ಸುಮ್ಮನಾದಳು.

ತಿಂಗಳೊಳಗೆ ಎಲೆಗಳ ಅಂಚಿಗೆ ಕಪ್ಪು ಗಡ್ಡದಂಥ ಪಾಚಿ ಹತ್ತಿತು. ವೇಣು ಹಳೇ ಟೂತ್‌ಬ್ರಶ್ಶಿನಿಂದ ಉಜ್ಜಿದ. ಹತ್ತು ಗಂಟೆ ಉರಿಯುತ್ತಿದ್ದ ದೀಪವನ್ನು ಆರಕ್ಕಿಳಿಸಿದ. ಭಾನುವಾರ ಬಂತೆಂದರೆ ಅರ್ಧ ನೀರು ತೆಗೆದು ಹೊಸದು ತುಂಬುತ್ತಿದ್ದ. ಮೆಡಿಕಲ್ ಸ್ಟೋರಿನಿಂದ ಗಾಯ ತೊಳೆಯುವ ಔಷಧಿ ತಂದು ಸಿರಿಂಜಿನಲ್ಲಿ ಎಲೆಗಳ ಮೇಲೆ ಬಿಟ್ಟ. ಎರಡು ದಿನ ಪಾಚಿ ಕೆಂಪಗಾಗಿ ಸತ್ತಂತೆ ಕಾಣುವುದು, ಮೂರನೆಯ ದಿನ ಪಕ್ಕದೆಲೆಯಲ್ಲಿ ಹಾಜರ್. ಐದು ತಿಂಗಳು ಹೀಗೆ ಹೆಣಗಿ ಅವನ ಮುಖವೇ ಬಾಡಿಹೋಯಿತು.

"ಸಾಕಾಯ್ತು ಕಣೇ. ಭಾನುವಾರ ಅಕ್ವೇರಿಯಂ ಅಂಗಡಿ ಗೌರೀಶಂಕರ ಬಂದು ಎಲ್ಲಾ ತಗೊಂಡ್ಹೋಗ್ತಾನೆ" ಎಂದು ಒಂದು ದಿನ ರೇಖಾಳಿಗೆ ಹೇಳಿದ್ದು ಗೋವಿಂದಮ್ಮನ ಕಿವಿಗೂ ಬಿತ್ತು. ಆ ತೊಟ್ಟಿ ಹೋದರೆ ಈ ಮನೆಯಲ್ಲಿ ಅವಳ ಕೈಯ ಆರೈಕೆಗೆ ಕಾಯುವ ಜೀವ ಇನ್ನೊಂದಿಲ್ಲ. ಹೇಗಾದರೂ ಗಿಡಗಳನ್ನು ಉಳಿಸಿಕೊಳ್ಳಲೇಬೇಕೆಂದು ಮರುದಿನದಿಂದ ಎರಡೆರಡು ಲೋಟ ಸುರಿದಳು.

ಭಾನುವಾರ ಹತ್ತು ಗಂಟೆಗೆ ಗೌರೀಶಂಕರ ಬಕೆಟ್ಟು ಬಲೆ ಹಿಡಿದು ಬಂದ. ಬಲೆ ಹಾಕುವ ಮುಂಚೆ ಅಭ್ಯಾಸಬಲದಿಂದ ಸಣ್ಣ ಗಾಜಿನ ಕೊಳವೆಗೆ ತೊಟ್ಟಿಯ ನೀರು ತುಂಬಿ, ನೀರಿನ ಗುಣ ನೋಡುವ ದ್ರಾವಣದ ಹನಿ ಬಿಟ್ಟು ಅಲ್ಲಾಡಿಸಿದ. ನೀರು ಕಡುಗೆಂಪಾಯಿತು.

"ಸಾರ್, ಬ್ರಶ್ ಹಾಕಿ ಉಜ್ಜಿದ್ರೆ ಹೋಗೋ ಪಾಚಿ ಅಲ್ಲ ಇದು. ಈ ನೀರಿಗೆ ಯಾರೋ ಬೇಜಾನ್ ಊಟ ಹಾಕ್ತಿದಾರೆ. ಗಿಡ ತಿಂದು ಮಿಕ್ಕಿದ್ದನ್ನೆಲ್ಲ ಪಾಚಿ ತಿಂತಿದೆ."

ವೇಣು ಅಡಿಗೆಮನೆಯತ್ತ ತಿರುಗಿದ. "ರೇಖಾ, ಮೀನಿಗೆ ಏನಾದ್ರೂ ಹಾಕ್ತಿದೀಯಾ ನೀನು?"

"ನಂಗ್ ಬೇರೆ ಕೆಲ್ಸ ಇಲ್ವಾ? ಅದರ ತಂಟೆಗೇ ಹೋಗಲ್ಲ ನಾನು."

"ಮತ್ತೆ ಇನ್ಯಾರು ಹಾಕ್ತಾರೆ? ಐದು ತಿಂಗಳು ನಾನು ಒದ್ದಾಡಿದ್ದು ನೋಡ್ಕೊಂಡು ಸುಮ್ನಿದ್ಯಲ್ಲ!"

ರೇಖಾಳ ಕಣ್ಣು ತುಂಬಿತು. ಒಗೆದ ಬಟ್ಟೆಯ ಬಕೆಟ್ ಎತ್ತಿಕೊಂಡು ಧಡಧಡನೆ ತಾರಸಿಗೆ ಹೋದಳು. ಗೌರೀಶಂಕರ ಬಲೆಯನ್ನು ನೀರಿಗಿಳಿಸಿದ.

ನಡುಮನೆಯ ಮೂಲೆಯ ಕುರ್ಚಿಯಲ್ಲಿ ಕೂತು ಗೋವಿಂದಮ್ಮ ಎಲ್ಲ ಕೇಳಿಸಿಕೊಂಡಳು. ಹಸಿದಿದ್ದಕ್ಕೆ ಊಟ ಹಾಕುತ್ತಿದ್ದೇನೆಂದು ನಂಬಿದವಳು ತಾನೇ ಕೈಯಾರೆ ಹಾಳು ಮಾಡಿದ್ದಳು. ತಪ್ಪು ತನ್ನದು, ಬೈಸಿಕೊಂಡದ್ದು ಮಗಳು. ಹೇಳಿ ಕಳಿಸೋಣವೆಂದರೆ ಹೇಳುವವಳೇ ತಾರಸಿಯಲ್ಲಿದ್ದಾಳೆ. ಸೆರಗು ಹೊದ್ದು, ಕೋಲೂರಿ ಎದ್ದು ನಿಂತಳು.

"ಅವಳಲ್ಲ. ನಾನು."

ವೇಣು ಬೆಚ್ಚಿಬಿದ್ದ. ಯಾರೊಂದಿಗೆ ಮಾತಾಡುತ್ತಿದ್ದಾರೆ ಎಂದು ಹಿಂದೆ ಕೂಡ ತಿರುಗಿ ನೋಡಿದ.

"ಅಕ್ಕಿ ತೊಳ್ದ ನೀರು. ಬಂದಾಗಿಂದ ದಿನಾ ಹಾಕ್ದೆ. ಗಿಡ ಸೊರಗಿದ್ವು, ನನ್ ಕೈ ಸುಮ್ನಿರ್ಲಿಲ್ಲ. ನಿಮ್ಗೆ ಹೇಳೋಕೆ..." ಅಷ್ಟಕ್ಕೆ ನಿಲ್ಲಿಸಿ ತಾರಸಿಯ ಮೆಟ್ಟಿಲ ಕಡೆ ನೋಡಿದಳು. "ಮಗೀನ ಬೈಬೇಡಿ."

ಗೌರೀಶಂಕರನಿಗೆ ನಗು ಬಂತು, ಅವಳ ಮುಖ ನೋಡಿ ನುಂಗಿಕೊಂಡ. ವೇಣು ನೆಲದ ಮೇಲೆ ಕುಳಿತುಬಿಟ್ಟ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ತನ್ನ ಗಿಡಗಳ ಮೇಲೆ ತನ್ನಷ್ಟೇ ಆಸೆ ಇಟ್ಟವರು ಇದೇ ಮನೆಯಲ್ಲಿದ್ದರೂ ತಾನು ಒಂದು ದಿನ ಮಾತಾಡಿಸಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಅದು ಅವನ ಮುಖದಲ್ಲೇ ಕಂಡಿತು.

"ಅತ್ತೆ, ಗಿಡದ ವಿಷ್ಯ ನಂಗಿಂತ ನಿಮ್ಗೇ ಚೆನ್ನಾಗಿ ಗೊತ್ತು" ಎಂದ ಮೆಲ್ಲಗೆ. "ನೀರಲ್ಲಿ ಮಾತ್ರ ಅವಕ್ಕೆ ಗೊಬ್ಬರ ಬೇಡ, ಮೀನಿನ ಗಲೀಜೇ ಸಾಕು. ಈಗ ಹೇಳಿ, ಈ ಗಿಡ ಉಳಿಯುತ್ತಾ?"

ಗೋವಿಂದಮ್ಮ ಕಣ್ಣೊರೆಸಿಕೊಂಡು ಗಾಜಿಗೆ ಮುಖ ತಂದಳು. ಬುಡದಿಂದ ಬುಡಕ್ಕೆ ನೋಡುತ್ತಾ ಹೋದಳು. ನರ್ಸರಿಯಲ್ಲಿ ಅವಳು ಹೀಗೆ ನೋಡತೊಡಗಿದರೆ ಮಾಲೀಕ ಕೂಡ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

"ಎಲೆ ಕೆಟ್ಟಿದೆ. ಬೇರು ಕೆಟ್ಟಿಲ್ಲ. ಅಷ್ಟೂ ಎಲೆ ತೆಗೀಬೇಕು."

"ಅಷ್ಟೂ ತೆಗೆದ್ರೆ ಇನ್ನೇನ್ ಉಳಿಯುತ್ತಮ್ಮ?" ಎಂದ ಗೌರೀಶಂಕರ.

"ಗಿಡ ಉಳೀತದೆ."

ಗೌರೀಶಂಕರ ಬಲೆಯನ್ನು ಖಾಲಿಯಾಗಿಯೇ ಮೇಲೆತ್ತಿದ.

ಬಟ್ಟೆ ಹರವಿ, ಸಿಟ್ಟಿಳಿದು ರೇಖಾ ಕೆಳಗೆ ಬರುವಷ್ಟರಲ್ಲಿ ಗಂಡ ಭುಜದವರೆಗೆ ತೊಟ್ಟಿಯೊಳಗೆ ಕೈ ಹಾಕಿ ಕತ್ತರಿ ಆಡಿಸುತ್ತಿದ್ದ. ಅಮ್ಮ ಅವನ ಪಕ್ಕದಲ್ಲೇ ನಿಂತಿದ್ದಳು, ಸೆರಗು ಜಾರಿದ್ದರ ಪರಿವೆ ಕೂಡ ಇರಲಿಲ್ಲ.

"ಅಯ್ಯೋ, ಅಲ್ಲಲ್ಲ! ಎಲೆ ಮಧ್ಯಕ್ಕಲ್ಲ, ಬುಡಕ್ಕೆ ಹಾಕಿ ಕತ್ತರಿ. ಅಷ್ಟ್ ಹೆದರಿದ್ರೆ ಹೆಂಗೆ?"

"ಸರಿ ಅತ್ತೆ" ಎಂದ ವೇಣು.

ರೇಖಾ ಖಾಲಿ ಬಕೆಟ್ ಹಿಡಿದುಕೊಂಡು ಹೊಸ್ತಿಲಲ್ಲೇ ನಿಂತಳು. ಒಳಗೆ ಬಂದರೆ ಎಲ್ಲಿ ಮಾತು ನಿಂತುಹೋಗುತ್ತದೋ ಎಂದು ಅವಳಿಗೆ ಭಯವಾಯಿತು.