ಸಂಕ್ರಾಂತಿಗೇ ಅಚ್ಚಾದ ಸ್ವಇಚ್ಛೆ

ನರಸಮ್ಮನ ಬೆರಳ ಸಂದಿಯಲ್ಲಿ ಗೋಂದು ಒಣಗಿ ಸಿಪ್ಪೆ ಏಳುತ್ತಿತ್ತು. ಚಾಮರಾಜಪೇಟೆಯ ಶೀನಣ್ಣನ ಪ್ರೆಸ್ಸಿನಲ್ಲಿ ಅವಳು ಬೈಂಡಿಂಗ್ ಕೆಲಸದವಳು. ಅಚ್ಚಾದ ಹಾಳೆಗಳನ್ನು ಒಟ್ಟು ಮಾಡಿ, ಅಂಚಿಗೆ ಗೋಂದು ಬಳಿದು, ಕೆಂಪು ಬಟ್ಟೆ ಅಂಟಿಸಿ ಪ್ಯಾಡ್ ಕಟ್ಟಬೇಕು. ಹನ್ನೊಂದು ವರ್ಷದಿಂದ ಅದೇ. ಮಸಿ ಮೆತ್ತಿದ, ಓರೆಯಾಗಿ ಅಚ್ಚಾದ ಹಾಳೆಗಳನ್ನು ಶೀನಣ್ಣ ಮನೆಗೆ ಒಯ್ಯಲು ಬಿಡುತ್ತಿದ್ದ. ಅವುಗಳ ಬೆನ್ನು ಖಾಲಿ. ದಾರ ಹಾಕಿ ಹೊಲಿದರೆ ಮಗಳಿಗೆ ರಫ್ ಬುಕ್. ಯಾರದೋ ಮದುವೆ ಕಾಗದ, ಯಾವುದೋ ಅಂಗಡಿಯ ಬಿಲ್ಲು, ಇವುಗಳ ಬೆನ್ನ ಮೇಲೆ ಲೆಕ್ಕ ಮಾಡಿಯೇ ಯಶಶ್ರೀ ಏಳನೇ ಕ್ಲಾಸು ಪಾಸಾಗಿದ್ದಳು.

ಇನ್ನು ಹೈಸ್ಕೂಲು. ಮೇಷ್ಟ್ರುಗಳಿಗೆ ಸರ್ಕಾರ ಸಂಬಳ ಕೊಡುವ ಸ್ಕೂಲು ಅದು. ಗೇಟಿನ ಪಕ್ಕ ದೊಡ್ಡ ಬೋರ್ಡು: ‘ಇಲ್ಲಿ ವಂತಿಗೆ ತೆಗೆದುಕೊಳ್ಳುವುದಿಲ್ಲ.’ ಮಗಳು ಅದನ್ನು ಓದಿ ಹೇಳಿದಾಗಲೇ ನರಸಮ್ಮನಿಗೆ ಅನುಮಾನ ಬಂತು. ತೆಗೆದುಕೊಳ್ಳದವರು ಬೋರ್ಡು ಯಾಕೆ ಹಾಕುತ್ತಾರೆ?

ಆಫೀಸಿನಲ್ಲಿ ಗುಮಾಸ್ತ ಪಂಚಾಕ್ಷರಯ್ಯ ಕುರ್ಚಿ ತೋರಿಸಿದ. "ಬನ್ನಿ ತಾಯಿ, ಕೂತ್ಕೊಳ್ಳಿ."

ಯಾವ ಆಫೀಸಿನಲ್ಲೂ ಅವಳಿಗೆ ಯಾರೂ ಕುರ್ಚಿ ತೋರಿಸಿರಲಿಲ್ಲ. ಅನುಮಾನ ಇನ್ನಷ್ಟು ಬಲವಾಯಿತು. ಅಂಚಿನಲ್ಲಿ ಕೂತಳು.

"ಮಾರ್ಕ್ಸು ಚೆನ್ನಾಗಿದೆ. ಸೀಟು ಗ್ಯಾರಂಟಿ. ಫೀಸು ಅಂತ ಏನೂ ಇಲ್ಲ."

"ಮತ್ತೆ ಮೂರು ಸಾವಿರ ಕೊಡ್ದೆ ಸೀಟಿಲ್ಲ ಅಂತ ಹೊರಗಡೆ ಹೇಳ್ತಿದಾರಲ್ಲ ಸ್ವಾಮಿ?"

"ಅದು ಫೀಸಲ್ಲ, ಕಟ್ಟಡದ ನಿಧಿ. ನೀವಾಗೇ ಕೊಡೋದು. ಇಲ್ಲೊಂದು ಸೈನ್ ಹಾಕಿ."

"ರಸೀತಿ ಕೊಡ್ತೀರಾ?"

"ಮನಸಾರೆ ಕೊಟ್ಟಿದ್ದಕ್ಕೆ ರಸೀತಿ ಯಾಕೆ ತಾಯಿ?"

ಓಲೆ ಅಡವಿಟ್ಟ ದುಡ್ಡು ಸೊಂಟದಲ್ಲಿತ್ತು. ಕಿವಿಯ ತೂತು ಮುಚ್ಚದಿರಲೆಂದು ಪೊರಕೆ ಕಡ್ಡಿ ಸಿಕ್ಕಿಸಿದ್ದಳು. ಅವನು ಮುಂದೆ ತಳ್ಳಿದ ಪ್ಯಾಡನ್ನು ಓದಲು ಹೋಗಲಿಲ್ಲ, ಅದರ ಅಂಚು ನೋಡಿದಳು. ಕೆಂಪು ಬಟ್ಟೆಯ ಮೂಲೆ ಒಳಕ್ಕೆ ಮಡಚಿತ್ತು. ಪ್ರೆಸ್ಸಿನಲ್ಲಿ ಬೇರೆಯವರು ಮೂಲೆ ಕತ್ತರಿಸುತ್ತಿದ್ದರು. ಮಡಚುತ್ತಿದ್ದವಳು ಅವಳೊಬ್ಬಳೇ.

"ಇದು ನಾನೇ ಕಟ್ಟಿದ್ದು," ಎಂದಳು. "ಯಶೂ, ಏನಿದೆ ಓದೇ."

"‘ನಾನು ಯಾರ ಒತ್ತಾಯವೂ ಇಲ್ಲದೆ, ಸ್ವಇಚ್ಛೆಯಿಂದ, ಡ್ಯಾಶ್ ರೂಪಾಯಿ ಕೊಡುತ್ತಿದ್ದೇನೆ. ಇದಕ್ಕೂ ಮಗುವಿನ ಪ್ರವೇಶಕ್ಕೂ ಸಂಬಂಧವಿಲ್ಲ.’" ಯಶಶ್ರೀಗೆ ನಗು ಬಂತು. "ಅಮ್ಮಾ, ಇದು ನನ್ನ ರಫ್ ಬುಕ್ಕು ಕಣೇ."

ಮಾರ್ಕ್ಸ್ ಕಾರ್ಡು ಮುದುರಬಾರದೆಂದು ರಫ್ ಬುಕ್ಕಿನೊಳಗೆ ಇಟ್ಟು ತಂದಿದ್ದಳು. ಈಗ ಅದನ್ನು ತಿರುವಿ ಹಿಡಿದಳು. ಒಂದು ಬದಿ ಪೆನ್ಸಿಲ್ಲಿನ ದಶಮಾಂಶ. ಇನ್ನೊಂದು ಬದಿ, ಓರೆಯಾಗಿ, ಅದೇ ಪತ್ರ.

"ಸಂಕ್ರಾಂತಿ ಟೈಮಲ್ಲಿ ತಂದಿದ್ಯಲ್ಲ."

ನರಸಮ್ಮ ಗುಮಾಸ್ತನ ಮುಖ ನೋಡಿದಳು. "ಸಂಕ್ರಾಂತೀಲಿ ನಂಗೆ ಈ ಸ್ಕೂಲಿನ ಬಾಗ್ಲೇ ಗೊತ್ತಿರ್ಲಿಲ್ಲ ಸ್ವಾಮಿ. ನನ್ನ ಇಚ್ಛೆ ಆಗ್ಲೇ ಅಚ್ಚಾಗಿತ್ತಾ?"

ಹಿಂದೆ ಸಾಲಿನಲ್ಲಿದ್ದ ಹೂ ಮಾರುವ ಅಂಜಮ್ಮ ಕಿಸಕ್ಕೆಂದಳು. "ನಂದೂ ಅದ್ರಲ್ಲೇ ಇರ್ಬೇಕು, ನೋಡಮ್ಮ."

ಪಂಚಾಕ್ಷರಯ್ಯನ ಬಾಯಲ್ಲಿ ‘ತಾಯಿ’ ಅನ್ನುವ ಮಾತು ಅಲ್ಲಿಗೆ ನಿಂತಿತು. "ಹೆತ್ತ ಮಗಳ ಓದಿಗೆ ಅಪ್ಪ ಅಮ್ಮ ಕೊಡ್ದೆ ಇನ್ಯಾರು ಕೊಡ್ಬೇಕು? ನಾನಾ?"

ಆ ಮಾತು ನಾಟಿತು. ಅದೇ ಮಾತನ್ನು ತನಗೆ ತಾನೇ ಹೇಳಿಕೊಂಡು ಅವಳು ಓಲೆ ಬಿಚ್ಚಿದ್ದಳು.

"ಕೊಡ್ಬೇಕು. ಬಟ್ಟೆ, ಬುಕ್ಕು, ಊಟ, ಎಲ್ಲಾ ಕೊಡ್ತಾನೇ ಇದೀನಿ. ಆದ್ರೆ ನೀವು ಹೆದರ್ಸಿ ಇಸ್ಕೊಳ್ಳೋದಕ್ಕೆ ನಾನು ಯಾಕೆ ಖುಷಿಯಾಗಿ ಕೊಟ್ಟೆ ಅಂತ ಬರ್ಕೊಡ್ಲಿ? ಮೂರು ಸಾವಿರ ಇಲ್ದೆ ಸೀಟಿಲ್ಲ ಅಂತ ನೀವು ಬರ್ಕೊಡಿ. ಈಗ್ಲೇ ಇಡ್ತೀನಿ ದುಡ್ಡು."

"ಈ ಹಾಳೆ ಶೀನಣ್ಣನ ಪ್ರೆಸ್ಸಿಂದ ಕದ್ದಿದ್ದಾ?" ಅವನ ಕೈ ಫೋನಿನ ಮೇಲೆ ಹೋಯಿತು. "ಒಂದು ಮಾತು ಹೇಳಿದ್ರೆ ನಾಳೆಯಿಂದ ಕೆಲ್ಸ ಇರಲ್ಲ ನಿಂಗೆ."

‘ನೀವು’ ಹೋಗಿ ‘ನೀನು’ ಬಂದಿತ್ತು. ನರಸಮ್ಮ ತನ್ನ ಬೆರಳು ನೋಡಿಕೊಂಡಳು. ಶೀನಣ್ಣನಿಗೆ ಈ ಸ್ಕೂಲಿನ ಆರ್ಡರು ದೊಡ್ಡದು. ಅವನು ತನ್ನ ಪರ ನಿಲ್ಲುತ್ತಾನೆಂಬ ನಂಬಿಕೆ ಅವಳಿಗಿರಲಿಲ್ಲ. ಆದರೂ ಹಿಂದೆ ಸರಿದು, ಕುರ್ಚಿಗೆ ಪೂರ್ತಿ ಒರಗಿ ಕೂತಳು.

"ಮಾಡಿ ಫೋನು. ಎಷ್ಟು ಪ್ಯಾಡು ಕಟ್ಟಿದೀನಿ ಅಂತ ನಾನೇ ಹೇಳ್ತೀನಿ. ಈ ಸಾಲಿನೋರೂ ಕೇಳಿಸ್ಕೊಳ್ಳಲಿ."

ಅವನು ಫೋನ್ ಎತ್ತಲಿಲ್ಲ. ಕೈಯನ್ನೂ ತೆಗೆಯಲಿಲ್ಲ.

ನರಸಮ್ಮ ಪ್ಯಾಡಿನಿಂದ ಒಂದು ಹಾಳೆ ಹರಿದು ಮಗಳ ಮುಂದಿಟ್ಟಳು. "ಡ್ಯಾಶ್ ಇರೋ ಕಡೆ ಸೊನ್ನೆ ಬರಿ." ಯಶಶ್ರೀ ಬರೆದಳು. ನರಸಮ್ಮ ಕೆಳಗೆ ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದಳು.

"ಇದು ನನ್ನ ಇಚ್ಛೆ. ಇಟ್ಕೊಳ್ಳಿ."

"ಸೀಟಿಲ್ಲ."

"ಅದನ್ನೇ ಬರ್ಕೊಡಿ."

ಪಂಚಾಕ್ಷರಯ್ಯ ಉಳಿದ ಪ್ಯಾಡನ್ನು ಡ್ರಾಯರಿಗೆ ಹಾಕಿ ಬೀಗ ಜಡಿದ. ಅಂಜಮ್ಮ ಹಿಂದಿನಿಂದ ಕೈ ಚಾಚಿದಳು.

"ಏ ಪುಟ್ಟಿ, ನಿನ್ ಪುಸ್ತಕದಲ್ಲಿ ನಂಗೊಂದು ಹಾಳೆ ಕೊಡು. ನಾನೂ ಸೊನ್ನೆ ಹಾಕ್ತೀನಿ."

ಅವಳ ಹಿಂದೆ ಇನ್ನೊಂದು ಕೈ ಬಂತು. ಯಶಶ್ರೀ ತನ್ನ ಲೆಕ್ಕಗಳನ್ನು ಒಮ್ಮೆ ನೋಡಿದಳು. ಆಮೇಲೆ ಅಮ್ಮ ಹೊಲಿದ ದಾರವನ್ನು ಹಲ್ಲಿನಲ್ಲಿ ಕಡಿದಳು.