ಎಡಗೈಯ ಮೊದಲ ಮಡಿಕೆ

ನಾನು ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿದ ಒಂದು ಚೌಕ ತುಂಡು. ಏಳೆಂಟು ಮಡಿಕೆ, ಹೊರಚಾಚಿದ ಎರಡು ಮೂಲೆ, ಮಡಿಕೆಗಳ ನಡುವೆ ಎರಡು ಜೇಬು: ಇಷ್ಟೇ ನನ್ನ ಆಸ್ತಿ. ಆದರೂ ಹೇಳಿಬಿಡುತ್ತೇನೆ, ಗದಗಿನ ಆ ಓಣಿಯಲ್ಲಿ ನನ್ನಷ್ಟು ಗಟ್ಟಿ ಜೀವ ಇನ್ನೊಂದಿರಲಿಲ್ಲ.

ನನ್ನನ್ನು ಮಡಿಸಿದವರು ಬೈಂಡರ್ ಫಕೀರಪ್ಪ. ನಲವತ್ತು ವರ್ಷ ಪ್ರೆಸ್ಸಿನಲ್ಲಿ ಪುಸ್ತಕದ ಹಾಳೆ ಮಡಿಸಿದ ಮನುಷ್ಯ. ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲೆ ಕಾಗದ ಕಂಡರೆ ಮುಖ ತಿರುಗಿಸುತ್ತಿದ್ದರು. ಅವರ ಮಗಳು ನೀಲವ್ವ ಶಾಲೆಯ ಟೀಚರು. ಹನ್ನೆರಡು ತುಂಡು ಮಡಿಸಿ, ಒಂದರ ಮೂಲೆಯನ್ನು ಇನ್ನೊಂದರ ಜೇಬಿಗೆ ಸಿಕ್ಕಿಸಿ, ಅಂಟಿಲ್ಲದೆ ಮುಳ್ಳುಮುಳ್ಳಾದ ಚೆಂಡು ಮಾಡುವುದನ್ನು ಎಲ್ಲೋ ಕಲಿತು ಬಂದಿದ್ದಳು. ಹನ್ನೊಂದನ್ನು ತಾನೇ ಮಡಿಸಿ, ಕೊನೆಯ ಹಾಳೆಯನ್ನು ಅಪ್ಪನ ಮುಂದಿಟ್ಟಳು.

"ಇದೊಂದ ಸಲ ಮಡಸ್ತೀನಿ. ಆಗಲಿಲ್ಲಂದ್ರ ಮುಂದ ನನ್ನ ಕರೀಬ್ಯಾಡ ನೋಡವಾ," ಎಂದರು ಫಕೀರಪ್ಪ.

ಎಡಗೈಯಿಂದ ಮಡಿಸಿ, ಹೆಬ್ಬೆರಳಿನ ಉಗುರಿನಿಂದ ತೀಡಿದರು. ಅಬ್ಬಾ, ಏನು ಮಡಿಕೆ! ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಆದರೆ ಸಿಕ್ಕಿಸಲು ಹೋದರೆ ನಾನು ಯಾರ ಜೇಬಿಗೂ ಕೂರಲಿಲ್ಲ. ನೀಲವ್ವನ ತುಂಡುಗಳೆಲ್ಲ ಬಲಕ್ಕೆ ವಾಲಿದ್ದವು, ನಾನೊಬ್ಬ ಎಡಕ್ಕೆ ವಾಲಿದ್ದೆ.

"ಯಪ್ಪಾ, ಇದು ಉಲ್ಟಾ ಆಗೇತಿ. ಇರಲಿ ಬಿಡು, ಇನ್ನೊಂದು ನಾನ ಮಡಿಸ್ತೀನಿ," ಎಂದಳು ಮಗಳು.

ಫಕೀರಪ್ಪನವರ ಮುಖ ಕಪ್ಪಿಟ್ಟಿತು. ಈಗ ಎದ್ದು ಹೋದರೆ ಈ ಮನುಷ್ಯ ಜನ್ಮದಲ್ಲಿ ಮತ್ತೆ ಕಾಗದ ಮುಟ್ಟುವುದಿಲ್ಲ! ಅವರು ನನ್ನನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದರಾಗ ಏನ ತಪ್ಪೈತಿ? ಮಡಿಕಿ ಸರಿ ಅದಾವು. ಇದಕ್ಕ ಜೋಡಿ ಇಲ್ಲ, ಅಷ್ಟ. ಕಾಗದಾ ತಾ."

ದಿನಕ್ಕೆ ಎರಡು ಆದರೆ ಹೆಚ್ಚು. ಬೆವರು, ಬೈಗುಳ, ಮತ್ತೆ ಮೊದಲಿಂದ. ವಾರ ಕಳೆಯುವುದರೊಳಗೆ ನನಗೆ ಹನ್ನೊಂದು ಒಡಹುಟ್ಟಿದವರು, ಎಲ್ಲರೂ ಎಡಕ್ಕೇ ವಾಲಿದವರು. ಕೊನೆಯ ಮೂಲೆ ಜೇಬು ಹೊಕ್ಕಾಗ ಇಡೀ ಚೆಂಡು ಬಿಗಿದುಕೊಂಡಿತು. ಫಕೀರಪ್ಪ ನಮ್ಮನ್ನು ಎತ್ತಿ ನೆಲಕ್ಕೆಸೆದರು. ಪುಟಿದೆವು, ಬಿಚ್ಚಿಕೊಳ್ಳಲಿಲ್ಲ. ಮರುವಾರವೇ ಮತ್ತೆ ಪ್ರೆಸ್ಸಿನ ಕೆಲಸಕ್ಕೆ ಹೊರಟು, ನಮ್ಮನ್ನು ಅಲ್ಲಿಯ ಕಿಟಕಿಗೆ ತೂಗುಹಾಕಿದರು.

ವರ್ಷಗಟ್ಟಲೆ ಬಿಸಿಲು ತಿಂದು ನನ್ನ ಒಂದು ಮೂಲೆ ಹರಿಯಿತು. ನನ್ನ ಜಾಗಕ್ಕೆ ಹೊಸದನ್ನು ತಾನು ಮಡಿಸುವುದಾಗಿ ಹೇಳಿ ನೀಲವ್ವ ಕೂತಳು. ಎರಡು ಸಲ ಮಡಿಸಿದರೂ ಅದು ಬಲಕ್ಕೇ ವಾಲಿತು.

"ಬಲಗೈ ತೆಗಿ ಅತ್ಲಾಗ, ಅಡ್ಡ ಬರ್ತೈತಿ!" ಎಂದು ಗದರಿದರು ಅಪ್ಪ.

ಟೀಚರಮ್ಮ ಬಲಗೈಯನ್ನು ಸೆರಗಿನಡಿ ಮುಚ್ಚಿಕೊಂಡು, ಇನ್ನೂ ಮೂರು ಹಾಳೆ ಕೆಡಿಸಿ, ಕಡೆಗೂ ಎಡಗೈಲಿ ಸರಿಯಾಗಿ ಮಡಿಸಿದಳು. ಅವಳ ಕಣ್ಣು ತುಂಬಿತ್ತು.

ಹೊಸಬ ನನ್ನ ಜಾಗದಲ್ಲಿ ಗಟ್ಟಿಯಾಗಿ ಕೂತಿದ್ದಾನೆ, ನನಗೇನೂ ಹೊಟ್ಟೆಕಿಚ್ಚಿಲ್ಲ. ಪ್ರೆಸ್ಸಿಗೆ ಹೊಸದಾಗಿ ಕೆಲಸ ಕಲಿಯಲು ಬಂದವರ ಮುಂದೆ ಫಕೀರಪ್ಪ ನನ್ನನ್ನು ಮೇಜಿನ ಮೇಲಿಡುತ್ತಾರೆ. "ಇದನ್ನ ನೋಡಿ ಮಡಸ್ರಿ," ಎನ್ನುತ್ತಾರೆ.