ಕೋಳಿಗೆ ಪಂಕ್ತಿ ಊಟ

ಊಟ ಬಲ್ಲ ಕೋಳಿಗೆ ರೋಗವಿಲ್ಲ, ದನಿ ಕದಿಯಬಲ್ಲವಳಿಗೆ ಜಗಳವಿಲ್ಲ. ಗಾದೆಯ ಕತ್ತು ಕೊಂಚ ತಿರುಚಿದೆ, ಒಪ್ಪೋಣ. ಕಥೆ ಮಾತ್ರ ಹರದನಹಳ್ಳಿಯಲ್ಲಿ ನಡೆದದ್ದು ನಡೆದಂತೆಯೇ.

ಮೇಘನಾಳ ಕರಿಕೋಳಿ ಮೂರು ದಿನದಿಂದ ಕಾಳು ಮುಟ್ಟಿರಲಿಲ್ಲ. ರೆಕ್ಕೆ ಇಳಿಬಿಟ್ಟು, ಕಣ್ಣು ಮುಚ್ಚಿ, ಹಿತ್ತಲ ಮೂಲೆಯಲ್ಲಿ ಬಾಡಿ ಕೂತಿತ್ತು. ತಾತ ರಂಗನಾಯಕನ ಕಣ್ಣಿಗೆ ಅದು ಆಗಲೇ ಬಾಡು.

"ಸತ್ರೆ ಮಣ್ಣಿಗೋಯ್ತದೆ ಕಣಮ್ಮಿ. ಭಾನ್ವಾರ ಕುಯ್ದಾಕ್ಬುಡನ."

ಮೇಘನಾ ಕಾಲೇಜಿನಿಂದ ಬರುವಾಗ ಪಶು ಆಸ್ಪತ್ರೆಗೆ ಹೋಗಿ, ಡಾಕ್ಟರ್ ಶಿವರಂಜಿನಿ ಕೊಟ್ಟ ಜಂತುಹುಳದ ಔಷಧಿ ತಂದಿದ್ದಳು. ಬೆಚ್ಚಗಿಡು, ಮೊಸರನ್ನ, ರಾಗಿ ಅಂಬಲಿ ಕೊಡು, ಎರಡು ವಾರ ಕುಯ್ಯಬೇಡಿ ಎಂದಿದ್ದರು ಅವರು. ತಾತ ನಂಬಲಿಲ್ಲ.

"ನಿನ್ ಬಾಯಿ ನಂಗೊತ್ತಿಲ್ವಾ? ಮೊನ್ನೆ ನಿಮ್ಮಜ್ಜಿ ದನೀಲಿ ಕೂಗಿ, ನನ್ನ ಹೊಲದಿಂದ ಓಡ್ ಬರಂಗೆ ಮಾಡ್ಬುಟ್ಟೋಳು ನೀನು."

ನಿಜ ಹೇಳಿದರೆ ನಂಬದವನಿಗೆ ನಿಜವನ್ನೇ ಬೇರೆ ದನಿಯಲ್ಲಿ ಹೇಳಬೇಕು. ಗೆಳತಿ ಪವಿತ್ರಾಳ ಫೋನ್ ಹಿಡಿದು ಮೇಘನಾ ಕೊಟ್ಟಿಗೆಯ ಹಿಂದೆ ನಿಂತು ತಾತನ ನಂಬರ್ ಒತ್ತಿದಳು. ಡಾಕ್ಟರಮ್ಮನ ಹಾಗೆಯೇ ಸಣ್ಣಗೆ ಕೆಮ್ಮಿ ಶುರುಮಾಡಿದಳು.

"ಪಶು ಆಸ್ಪತ್ರೆಯಿಂದ ಶಿವರಂಜಿನಿ ಮಾತಾಡ್ತಿರೋದು. ನಿಮ್ಮ ಕೋಳಿಗೆ ಔಷಧಿ ನಡೀತಿದೆ. ಎರಡು ವಾರ ಕುಯ್ಯೋ ಹಾಗಿಲ್ಲ. ಅರ್ಥ ಆಯ್ತಾ?"

ಜಗಲಿಯಲ್ಲಿ ಕೂತಿದ್ದ ತಾತ ಎದ್ದು ನಿಂತ. ಹೆಗಲ ಟವೆಲ್ ಕೈಗೆ ಬಂತು. "ಆಯ್ತು ಮೇಡಂ."

ಅಷ್ಟಕ್ಕೆ ಬಿಟ್ಟಿದ್ದರೆ ಅವಳು ಮೇಘನಾ ಹೇಗಾದಾಳು? "ಒಂಟಿಯಾಗಿ ಇಟ್ಟರೆ ಕೋಳಿ ತಿನ್ನಲ್ಲ. ಮನೇ ಹಿರೀರು ಪಕ್ಕ ಕೂತು, ತಟ್ಟೆನ ಬೆರಳಲ್ಲಿ ಕುಕ್ತಾ ಊಟ ಮಾಡ್ಬೇಕು."

ಅಂದಿನಿಂದ ತಾತನ ಮಧ್ಯಾಹ್ನದ ಮುದ್ದೆ ಹಿತ್ತಲಿಗೆ ಹೋಯಿತು. ಒಂದು ತುತ್ತು ನುಂಗುವುದು, ಕೋಳಿಯ ತಟ್ಟೆಯನ್ನು ಟಕ್ ಟಕ್ ಕುಕ್ಕುವುದು. ಮೊದಲ ದಿನ ಮೇಘನಾ ಬಾಯಿಗೆ ದುಪಟ್ಟಾ ತುರುಕಿಕೊಂಡು ನಕ್ಕಳು. ಎರಡನೆಯ ದಿನ ನಗು ಬರಲಿಲ್ಲ. ಕೋಳಿ ತಲೆಯನ್ನೇ ಎತ್ತಿರಲಿಲ್ಲ. ತಾತ ಅರ್ಧ ಮುದ್ದೆ ಹಾಗೇ ಬಿಟ್ಟು ಎದ್ದಿದ್ದ. "ತಿನ್ನವ್ವ, ಒಂದ್ ಚೂರು," ಎಂದು ಅವನು ಗೋಗರೆದದ್ದು ಅವಳ ಕಿವಿಗೆ ಬಿದ್ದಿತ್ತು.

ಮೂರನೆಯ ದಿನ ತಾತನೇ ಪಿಸುಗುಟ್ಟಿ ಕರೆದ. "ಸದ್ದು ಮಾಡ್ದೆ ಬಾ ಕಣಮ್ಮಿ. ಬಾಯಾಡುಸ್ತಾದೆ."

ಕೋಳಿ ಮೊಸರನ್ನದ ಒಂದಗುಳು ಕುಕ್ಕಿತು. ತಾತ ಕುಕ್ಕಿದ. ಕೋಳಿ ಮತ್ತೆ ಕುಕ್ಕಿತು.

ವಾರ ಕಳೆದು, ಹಸುಗಳಿಗೆ ಲಸಿಕೆ ಹಾಕಲು ನಿಜವಾದ ಶಿವರಂಜಿನಿ ಊರಿಗೆ ಬಂದರು. ತಾತ ಅವರನ್ನು ಹಿತ್ತಲಿಗೇ ಕರೆತಂದ. "ನೀವು ಫೋನಲ್ಲಿ ಯೋಳ್ದಂಗೇ ಜೊತೇಲಿ ಉಂಡೆ ಮೇಡಂ. ನೋಡಿ, ಎಂಗ್ ತಿಂತಾದೆ."

ಡಾಕ್ಟರಮ್ಮ ಸಣ್ಣಗೆ ಕೆಮ್ಮಿದರು. "ನಾನು ಫೋನ್ ಮಾಡಿಲ್ವಲ್ಲ. ಆದ್ರೆ ಜೊತೇಲಿ ಕುಕ್ಕೋರಿದ್ರೆ ಕೋಳಿ ತಿನ್ನೋದು ನಿಜ. ಯಾರು ಹೇಳಿದ್ದು?"

ತಾತ ನಿಧಾನವಾಗಿ ಮೊಮ್ಮಗಳ ಕಡೆ ತಿರುಗಿದ. ಮೇಘನಾ ನೆಲ ನೋಡಿದಳು.

"ತಗಿ ಆ ದನಿಯ," ಎಂದ.

ವಿಧಿಯಿಲ್ಲದೆ ಅವಳು ಕೆಮ್ಮಿದಳು. "ಮನೇ ಹಿರೀರು ಪಕ್ಕ ಕೂತು... ಅರ್ಥ ಆಯ್ತಾ?"

ಡಾಕ್ಟರಮ್ಮ ಬಾಯಿಗೆ ಕೈ ಅಡ್ಡ ಹಿಡಿದರು. ಅಡುಗೆಮನೆಯಿಂದ ಅಜ್ಜಿ ಮಂಗಮ್ಮನೂ ಕಿಸಕ್ಕೆಂದಳು. "ಇವ್ಳಿಗೆ ಎದ್ ನಿಂತ್ಕಂಡು ಮೇಡಂ ಅಂದ್ಬುಟ್ನಲ್ಲಾ," ಎಂದ ರಂಗನಾಯಕ, ಟವೆಲಿನಲ್ಲಿ ಕಣ್ಣೊರೆಸಿಕೊಳ್ಳುತ್ತ. ಆಮೇಲೆ ಅವನು ನಕ್ಕ ನಗೆಗೆ ಕೋಳಿ ಬೆಚ್ಚಿ ತಟ್ಟೆ ಬಿಟ್ಟು ಹಾರಿತು. ನಗು ನಿಲ್ಲುವ ಮೊದಲೇ ಮತ್ತೆ ಬಂದು ತಿನ್ನತೊಡಗಿತು.